ಹೊಸದೆಂದು ಕೊಂಡ ಕ್ಯಾಮೆರಾ ಮೊದಲೇ ಬಳಕೆಯಾಗಿತ್ತೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬಹಳ ದಿನ ಹಣ ಕೂಡಿಟ್ಟು, ಲೆನ್ಸ್ ಬದಲಾಯಿಸಬಹುದಾದ ಒಂದು ಮಿರರ್‌ಲೆಸ್ ಕ್ಯಾಮೆರಾವನ್ನು ಹೊಸದೆಂದೇ ಕೊಂಡೆ. ಮನೆಗೆ ತಂದು ನೋಡಿದರೆ ಪೆಟ್ಟಿಗೆಗೆ ಸೀಲ್ ಇರಲಿಲ್ಲ, ಸ್ಟ್ರಾಪ್ ಇಟ್ಟಿದ್ದ ಪ್ಲಾಸ್ಟಿಕ್ ಚೀಲದ ಬಾಯಿ ತೆರೆದಿತ್ತು. ಬ್ಯಾಟರಿ ಹಾಕಿ ಆನ್ ಮಾಡಿದಾಗ ಕ್ಯಾಮೆರಾ ಭಾಷೆಯನ್ನಾಗಲಿ ದಿನಾಂಕವನ್ನಾಗಲಿ ಕೇಳಲಿಲ್ಲ. ಗಡಿಯಾರ ಒಂದೆರಡು ನಿಮಿಷದ ವ್ಯತ್ಯಾಸ ಬಿಟ್ಟರೆ ಸರಿಯಾಗಿಯೇ ಇತ್ತು. ನಾನು ತೆಗೆದ ಮೊದಲ ಚಿತ್ರದ ಸಂಖ್ಯೆ 0413 ಎಂದು ಬಂತು. ಅಂಗಡಿಯವರು, “ಕಾರ್ಖಾನೆಯಲ್ಲಿ ಪರೀಕ್ಷೆ ಮಾಡಿರುತ್ತಾರೆ, ಎಲ್ಲವೂ ಹೀಗೇ ಬರುತ್ತವೆ” ಎನ್ನುತ್ತಾರೆ. ಯಾರೋ ಬಳಸಿ ವಾಪಸು ಕೊಟ್ಟಿದ್ದನ್ನು ನನಗೆ ಮಾರಿದ್ದಾರೆಯೇ? ಅದನ್ನು ತಿಳಿಯುವುದು ಹೇಗೆ?

ಉತ್ತರ: ಮೊದಲಿಗೆ ಒಂದು ವಿನಂತಿ. ಈ ಉತ್ತರವನ್ನು ಓದಿ ಮುಗಿಸುವವರೆಗೆ ಆ ಕ್ಯಾಮೆರಾದಲ್ಲಿ ಇನ್ನೊಂದು ಚಿತ್ರ ತೆಗೆಯಬೇಡಿ, ಸೆಟ್ಟಿಂಗ್‌ಗಳನ್ನು ಬದಲಿಸಬೇಡಿ, ರೀಸೆಟ್ ಮಾಡಲೇಬೇಡಿ. ಹಿಂದಿನವರ ಕುರುಹುಗಳ ಮೇಲೆ ನಿಮ್ಮ ಬಳಕೆಯ ಕುರುಹುಗಳು ಕೂಡಿಕೊಂಡಷ್ಟೂ ಯಾವುದು ಯಾರದೆಂದು ತೋರಿಸಿಕೊಡುವುದು ಕಷ್ಟವಾಗುತ್ತದೆ.

ನೀವು ಬರೆದಿರುವ ನಾಲ್ಕು ಸಂಗತಿಗಳಿಗೆ ಒಂದೇ ತೂಕವಿಲ್ಲ. ಸೀಲ್ ಇಲ್ಲದ ಪೆಟ್ಟಿಗೆ ಮತ್ತು ಬಾಯಿ ತೆರೆದ ಚೀಲ ಅನುಮಾನಕ್ಕೆ ಎಡೆಮಾಡಿಕೊಡುತ್ತವೆಯೇ ಹೊರತು ಏನನ್ನೂ ಸಾಬೀತು ಮಾಡುವುದಿಲ್ಲ. ಹಲವು ಕ್ಯಾಮೆರಾಗಳ ಪೆಟ್ಟಿಗೆಗಳು ಕಾರ್ಖಾನೆಯಿಂದಲೇ ಸೀಲ್ ಇಲ್ಲದೆ ಬರುತ್ತವೆ. ವಾರಂಟಿ ಕಾರ್ಡ್ ಸೇರಿಸುವುದಕ್ಕೋ ಒಳಗಿನ ಸಾಮಾನು ಎಣಿಸುವುದಕ್ಕೋ ವಿತರಕರು ಪೆಟ್ಟಿಗೆ ತೆರೆಯುವುದೂ ಉಂಟು. ಅಂಟುಪಟ್ಟಿ ಹಾಕಿ ಭದ್ರವಾಗಿದ್ದ ಪೆಟ್ಟಿಗೆಯೊಳಗೆ ಬಳಸಿದ ಕ್ಯಾಮೆರಾ ಇರಲಾರದೆಂಬ ಖಾತ್ರಿಯೂ ಇಲ್ಲ, ಏಕೆಂದರೆ ಅಂಟುಪಟ್ಟಿಯನ್ನು ಯಾರು ಬೇಕಾದರೂ ಹಾಕಬಹುದು.

ಗಡಿಯಾರದ ಸಂಗತಿ ಮಾತ್ರ ನಿಜವಾಗಿಯೂ ಗಂಭೀರವಾದದ್ದು. ಕ್ಯಾಮೆರಾದ ಒಳಗೆ ಗಡಿಯಾರಕ್ಕೆಂದೇ ಪ್ರತ್ಯೇಕವಾದ ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಬಹುತೇಕ ಮಾದರಿಗಳಲ್ಲಿ ಮುಖ್ಯ ಬ್ಯಾಟರಿ ಒಳಗಿರುವಾಗ ಇದು ತಾನಾಗಿ ಚಾರ್ಜ್ ಆಗುತ್ತದೆ, ಮುಖ್ಯ ಬ್ಯಾಟರಿಯನ್ನು ಹೊರತೆಗೆದ ಮೇಲೆ ಮಾದರಿಗೆ ತಕ್ಕಂತೆ ಕೆಲವು ವಾರಗಳಿಂದ ಕೆಲವು ತಿಂಗಳುಗಳವರೆಗೆ ಗಡಿಯಾರವನ್ನು ನಡೆಸಿಕೊಂಡು ಹೋಗುತ್ತದೆ, ಆಮೇಲೆ ಬರಿದಾಗುತ್ತದೆ. ಹೊಸ ಪೆಟ್ಟಿಗೆಯಲ್ಲಿ ಮುಖ್ಯ ಬ್ಯಾಟರಿಯನ್ನು ಕ್ಯಾಮೆರಾದಿಂದ ಬೇರೆಯಾಗಿಯೇ ಇಟ್ಟಿರುವುದರಿಂದ, ಮೊದಲ ಸಲ ಆನ್ ಮಾಡಿದಾಗ ಅದು ಭಾಷೆ, ಸ್ಥಳ, ದಿನಾಂಕಗಳನ್ನು ಕೇಳುವುದು ವಾಡಿಕೆ. ನಿಮ್ಮ ಕ್ಯಾಮೆರಾ ಕೇಳಲಿಲ್ಲ, ಸಮಯವನ್ನೂ ಹೆಚ್ಚುಕಡಿಮೆ ಸರಿಯಾಗಿಯೇ ತೋರಿಸಿತು ಎಂದರೆ, ಇತ್ತೀಚೆಗೆ ಯಾರೋ ಅದಕ್ಕೆ ಬ್ಯಾಟರಿ ಹಾಕಿ, ಸಮಯವನ್ನು ಹೊಂದಿಸಿ, ಒಳಗಿನ ಬ್ಯಾಟರಿ ಸಾಕಷ್ಟು ಚಾರ್ಜ್ ಆಗುವಷ್ಟು ಹೊತ್ತು ಹಾಗೇ ಬಿಟ್ಟಿದ್ದಾರೆ ಎಂದು ನಾನು ತಿಳಿಯುತ್ತೇನೆ. ಕೊಳ್ಳುವಾಗ ಅಂಗಡಿಯವರೇ ನಿಮ್ಮೆದುರಿಗೆ ಆನ್ ಮಾಡಿ ತೋರಿಸಿದ್ದರೆ ಮಾತು ಬೇರೆ. ಹಾಗೆ ಆಗಿಲ್ಲವಾದರೆ “ಕಾರ್ಖಾನೆಯ ಪರೀಕ್ಷೆ” ಎಂಬ ಉತ್ತರ ಇಲ್ಲಿಗೆ ಒಪ್ಪುವುದಿಲ್ಲ. ಮೆನುವಿನಲ್ಲಿ ಸಮಯವಲಯದ ಪುಟವನ್ನು ತೆರೆದು, ಯಾವ ಊರನ್ನು ಆರಿಸಲಾಗಿದೆ ಎಂಬುದನ್ನೂ ನೋಡಿ, ಆ ಪುಟದ ಫೋಟೋವನ್ನು ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ. ಇತರ ಓದುಗರು ಇದರ ಇನ್ನೊಂದು ಮಗ್ಗುಲನ್ನೂ ಗಮನಿಸಬೇಕು: ದಿನಾಂಕ ಕೇಳಿದ ಮಾತ್ರಕ್ಕೆ ಕ್ಯಾಮೆರಾ ಹೊಸದೆಂದು ನಿಶ್ಚಿಂತರಾಗುವಂತಿಲ್ಲ. ರೀಸೆಟ್ ಆದ ಅಥವಾ ಬಹುಕಾಲ ಬ್ಯಾಟರಿಯಿಲ್ಲದೆ ಕಪಾಟಿನಲ್ಲಿ ಉಳಿದ ಹಳೆಯ ಕ್ಯಾಮೆರಾವೂ ಹಾಗೆಯೇ ಕೇಳಬಹುದು.

ಇನ್ನು 0413. ಇಲ್ಲಿ ಅವಸರದ ತೀರ್ಮಾನ ಬೇಡ. ನೀವು ಹಾಕಿದ್ದು ಹೊಚ್ಚ ಹೊಸ ಮೆಮೊರಿ ಕಾರ್ಡೋ, ಇಲ್ಲವೇ ಬೇರೆ ಕ್ಯಾಮೆರಾದಲ್ಲಿ ಬಳಸುತ್ತಿದ್ದ ಕಾರ್ಡೋ ಎಂಬುದನ್ನು ನೀವು ಬರೆದಿಲ್ಲ. ಡಿಜಿಟಲ್ ಕ್ಯಾಮೆರಾಗಳು ಚಿತ್ರಗಳಿಗೆ ಹೆಸರಿಡುವ ಪದ್ಧತಿ 1990ರ ದಶಕದ ಕೊನೆಯಲ್ಲಿ ರೂಪುಗೊಂಡ ಡಿಸಿಎಫ್ ಎಂಬ ನಿಯಮಾವಳಿಗೆ ಬದ್ಧವಾಗಿದೆ: ನಾಲ್ಕು ಅಕ್ಷರಗಳು, ಅವುಗಳ ನಂತರ 0001ರಿಂದ 9999ರವರೆಗಿನ ನಾಲ್ಕು ಅಂಕಿಗಳು. ಕಾರ್ಡಿನಲ್ಲಿ ಈಗಾಗಲೇ 0412ರವರೆಗೆ ಚಿತ್ರಗಳಿದ್ದರೆ, ಹೊಸ ಕ್ಯಾಮೆರಾ ಕೂಡ ಸಾಮಾನ್ಯವಾಗಿ ಅಲ್ಲಿಂದಲೇ ಎಣಿಕೆಯನ್ನು ಮುಂದುವರಿಸುತ್ತದೆ. ಅದರಲ್ಲಿ ಯಾರ ಮೋಸವೂ ಇರುವುದಿಲ್ಲ. ಖಾಲಿ ಕಾರ್ಡನ್ನು ಹಾಕಿ ಆ ಮೊದಲ ಚಿತ್ರವನ್ನು ತೆಗೆದಿದ್ದರೆ ಮಾತ್ರ, ಆ ಸಂಖ್ಯೆ ಕ್ಯಾಮೆರಾದ ನೆನಪಿನಿಂದಲೇ ಬಂದದ್ದು, ನಿಮಗಿಂತ ಮೊದಲು ಅದರಲ್ಲಿ ನಾನೂರಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದಿರಬೇಕು ಎಂಬ ಊಹೆಗೆ ಬಲ ಬರುತ್ತದೆ. ಹಾಗೆಂದು 0001 ಬಂದರೆ ಸಮಾಧಾನಪಡುವಂತೆಯೂ ಇಲ್ಲ, ಏಕೆಂದರೆ ಈ ಎಣಿಕೆಯನ್ನು ಮೆನುವಿನಿಂದಲೇ ಮೊದಲಿಗೆ ತರಬಹುದು.

ಮೆನುವಿನಿಂದ ಅಳಿಸಲಾಗದ್ದು ಶಟರ್ ಕೌಂಟ್. ಬೆಳಕನ್ನು ನಿಯಂತ್ರಿಸುವ ಪುಟ್ಟ ಪರದೆಯಾದ ಯಾಂತ್ರಿಕ ಶಟರ್ ಎಷ್ಟು ಸಲ ತೆರೆದು ಮುಚ್ಚಿದೆ ಎಂಬ ಲೆಕ್ಕವನ್ನು ಕ್ಯಾಮೆರಾ ತನ್ನೊಳಗೆ ಇಟ್ಟುಕೊಂಡಿರುತ್ತದೆ, ರೀಸೆಟ್ ಮಾಡಿದರೆ ಅದು ಸೊನ್ನೆಗೆ ಹೋಗುವುದಿಲ್ಲ. ಅದನ್ನು ಓದುವ ದಾರಿ ಕಂಪನಿಯಿಂದ ಕಂಪನಿಗೆ ಬೇರೆ. ನಿಕಾನ್ ಮತ್ತು ಪೆಂಟಾಕ್ಸ್ ಕ್ಯಾಮೆರಾಗಳು ಈ ಲೆಕ್ಕವನ್ನು ಪ್ರತಿಯೊಂದು ಚಿತ್ರದ ಕಡತದೊಳಗೇ ಬರೆದಿಡುತ್ತವೆ. ಸೋನಿಯ ಹಲವು ಮಾದರಿಗಳೂ ಬರೆಯುತ್ತವೆ, ಆದರೆ ಗೂಢಲಿಪಿಯಲ್ಲಿ. ಕ್ಯಾನನ್‌ನ ಬಹುತೇಕ ಮಾದರಿಗಳು ಚಿತ್ರದಲ್ಲಿ ಬರೆಯುವುದಿಲ್ಲ. ಕೆಲವು ಮಾದರಿಗಳು ಮೆನುವಿನಲ್ಲಿ ಸಾವಿರದ ಲೆಕ್ಕದಲ್ಲಿ ತೋರಿಸುತ್ತವೆ, ಉಳಿದವನ್ನು ಯುಎಸ್‌ಬಿ ತಂತಿಯ ಮೂಲಕ ತಂತ್ರಾಂಶದಿಂದ ಅಥವಾ ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಓದಿಸಬೇಕಾಗುತ್ತದೆ. ಚಿತ್ರದೊಳಗೆ ಬರೆದಿರುವುದನ್ನು ಓದಲು ಫಿಲ್ ಹಾರ್ವೆ ಅವರು ರೂಪಿಸಿದ ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶವಿದೆ. ಸೋನಿಯ ಗೂಢಲಿಪಿಯನ್ನೂ ಅದು ಅನೇಕ ಮಾದರಿಗಳಲ್ಲಿ ಬಿಡಿಸಿ ಓದುತ್ತದೆ. ನೀವು ತೆಗೆದ ಆ ಮೊದಲ ಚಿತ್ರವನ್ನೇ ಕಾರ್ಡಿನಿಂದ ನೇರವಾಗಿ ಕಂಪ್ಯೂಟರಿಗೆ ನಕಲಿಸಿ ಅದಕ್ಕೆ ಕೊಡಿ. ಮೆಸೇಜ್ ಆ್ಯಪ್‌ಗಳಲ್ಲಿ ಕಳುಹಿಸಿದ ಅಥವಾ ಎಡಿಟ್ ಮಾಡಿ ಉಳಿಸಿದ ಚಿತ್ರ ಪ್ರಯೋಜನಕ್ಕೆ ಬಾರದು, ಆ ಹಾದಿಯಲ್ಲಿ ಈ ಮಾಹಿತಿ ಬಹುಮಟ್ಟಿಗೆ ಉದುರಿಹೋಗಿರುತ್ತದೆ.

ಬಂದ ಅಂಕಿಯನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ಕಾರ್ಖಾನೆಯಲ್ಲಿ ಪರೀಕ್ಷೆ ನಡೆಯುವುದು ನಿಜ, ಆದ್ದರಿಂದ ಕೆಲವು ಹತ್ತುಗಳಷ್ಟು ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಕೆಲವು ನೂರುಗಳಿದ್ದರೆ ಮಾರಿದವರು ವಿವರಣೆ ಕೊಡಬೇಕು. ಸಾವಿರ ದಾಟಿದ್ದರೆ ಅದನ್ನು ಹೊಸದೆಂದು ಕರೆಯಲು ಯಾವ ಆಧಾರವೂ ಇಲ್ಲ. ಕಡಿಮೆ ಅಂಕಿಯೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ: ಪರದೆ ಚಲಿಸದ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಸದ್ದಿಲ್ಲದೆ ತೆಗೆದ ಚಿತ್ರಗಳೂ ಗಂಟೆಗಟ್ಟಲೆ ಚಿತ್ರಿಸಿದ ವಿಡಿಯೊಗಳೂ ಯಾಂತ್ರಿಕ ಶಟರ್‌ನ ಲೆಕ್ಕಕ್ಕೆ ಸೇರುವುದಿಲ್ಲ. 2021ರಲ್ಲಿ ಬಂದ ನಿಕಾನ್ ಝಡ್9ರಂತಹ ಕ್ಯಾಮೆರಾದಲ್ಲಿ ಯಾಂತ್ರಿಕ ಶಟರ್ ಎಂಬುದೇ ಇಲ್ಲ.

ಅಂಕಿಗಳ ಬಳಿಕ ಮೈಯನ್ನು ನೋಡಿ. ಕಿಟಕಿಯ ಬಳಿ ಕುಳಿತು, ಟಾರ್ಚಿನ ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ಪರೀಕ್ಷಿಸಿ. ಫ್ಲ್ಯಾಶ್ ಕೂರಿಸುವ ಹಾಟ್ ಶೂವಿನ ಎರಡು ಹಳಿಗಳ ಒಳ ಅಂಚಿನಲ್ಲಿ ಕಪ್ಪು ಬಣ್ಣ ಕೆರೆದು ಲೋಹ ಹೊಳೆಯುತ್ತಿದೆಯೇ? ಒಂದೆರಡು ಸಲ ಫ್ಲ್ಯಾಶನ್ನೋ ಮೈಕನ್ನೋ ತುರುಕಿದರೂ ಅಲ್ಲಿ ಗೀರು ಉಳಿಯುತ್ತದೆ. ಕೆಳಗಿನ ಟ್ರೈಪಾಡ್ ತಿರುಪಿನ ಕುಳಿಯ ಸುತ್ತ ಉಂಗುರದಂತಹ ಒತ್ತುಗುರುತು ಇದ್ದರೆ ಯಾರೋ ಅದನ್ನು ಸ್ಟ್ಯಾಂಡಿಗೆ ಬಿಗಿದಿದ್ದಾರೆ. ಸ್ಟ್ರಾಪ್ ಸಿಕ್ಕಿಸುವ ಕೊಂಡಿಗಳ ಪಕ್ಕದ ಬಣ್ಣ ಸವೆದಿರುವುದು ಕುತ್ತಿಗೆಗೆ ಹಾಕಿಕೊಂಡು ತಿರುಗಾಡಿದ್ದರ ಗುರುತು. ಸ್ಟ್ರಾಪಿನಲ್ಲೂ ಕಾರ್ಖಾನೆಯ ಮಡಿಕೆಯ ಜೊತೆಗೆ ಬಕಲ್ ಕಚ್ಚಿದ ಇನ್ನೊಂದು ಮಡಿಕೆ ಕಾಣಬಹುದು. ಲೆನ್ಸ್ ಕೂರುವ ಲೋಹದ ಬಳೆಯ ಮೇಲೆ ಕಮಾನಿನಂತಹ ತೆಳು ಗೀರುಗಳನ್ನು ಹುಡುಕಿ, ಆದರೆ ಒಂದೆರಡು ಮಸುಕು ಗೀರುಗಳು ಕಾರ್ಖಾನೆಯ ಪರೀಕ್ಷೆಯಿಂದಲೂ ಬರಬಹುದೆಂಬುದನ್ನು ಮರೆಯಬೇಡಿ. ಬ್ಯಾಟರಿಯ ಸಂಪರ್ಕ ಬಿಂದುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಬೆಳಕನ್ನು ಹಿಡಿದು ಚಿತ್ರವಾಗಿಸುವ ಸೆನ್ಸರ್ ಮೇಲಿನ ಧೂಳನ್ನು ದೊಡ್ಡ ಸಾಕ್ಷಿಯೆಂದು ಅನೇಕರು ತಿಳಿಯುತ್ತಾರೆ. ನನ್ನ ಮಟ್ಟಿಗೆ ಅದು ದುರ್ಬಲ ಸಾಕ್ಷಿ. 2012ರಲ್ಲಿ ಮಾರುಕಟ್ಟೆಗೆ ಬಂದ ನಿಕಾನ್ ಡಿ600ರಲ್ಲಿ ಹೊಚ್ಚ ಹೊಸ ಕ್ಯಾಮೆರಾಗಳ ಸೆನ್ಸರ್ ಮೇಲೂ ಕಲೆಗಳು ಕಾಣಿಸಿಕೊಂಡು, ಕಂಪನಿಯೇ ಆ ಬಗ್ಗೆ ಗ್ರಾಹಕರಿಗೆ ಸೂಚನೆ ಹೊರಡಿಸಬೇಕಾಯಿತು. ಹೊಸದರಲ್ಲಿಯೂ ಕಲೆ ಇರಬಹುದೆಂಬುದಕ್ಕೆ ಇಷ್ಟು ಸಾಕು. ಕಲೆ ಕಂಡರೆ ನೀವೇ ಒರೆಸಲು ಹೋಗಬೇಡಿ, ನಾಳೆ ಆ ಗೀರು ನಿಮ್ಮದೇ ಎನ್ನುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಮಾತಾಡುವುದು ಹಿಂದಿನವರು ಮರೆತು ಬಿಟ್ಟುಹೋದ ವಿವರಗಳು. ಮೆನುವಿನಲ್ಲಿ ವೈ-ಫೈ ಮತ್ತು ಬ್ಲೂಟೂತ್ ಪುಟಗಳನ್ನು ತೆರೆದು, ಈಗಾಗಲೇ ಜೋಡಿಸಿದ ಫೋನುಗಳ ಪಟ್ಟಿಯಲ್ಲಿ ಪರಿಚಯವಿಲ್ಲದ ಹೆಸರೇನಾದರೂ ಇದೆಯೇ ನೋಡಿ. ಹಕ್ಕುಸ್ವಾಮ್ಯದ ಪುಟದಲ್ಲಿ ಛಾಯಾಗ್ರಾಹಕರ ಹೆಸರು ತುಂಬಿರಬಹುದು, ಮುಖಗಳನ್ನು ನೋಂದಾಯಿಸುವ ಸೌಲಭ್ಯವಿದ್ದರೆ ಅಲ್ಲಿ ಯಾರದೋ ಮುಖ ಉಳಿದಿರಬಹುದು. ಕ್ಯಾನನ್‌ನ ಕೆಲವು ಮಾದರಿಗಳು ತಮಗೆ ನೋಂದಾಯಿಸಿದ ಬ್ಯಾಟರಿಗಳ ಪಟ್ಟಿಯನ್ನು ಇಟ್ಟುಕೊಳ್ಳುತ್ತವೆ. ನಿಕಾನ್‌ನ ಅನೇಕ ಮಾದರಿಗಳು ಬ್ಯಾಟರಿಯ ವಯಸ್ಸನ್ನು 0ಯಿಂದ 4ರವರೆಗಿನ ಅಂಕಿಯಲ್ಲಿ ತೋರಿಸುತ್ತವೆ, ಹೊಸ ಬ್ಯಾಟರಿಗೆ ಅದು 0 ಇರಬೇಕು. ಇಂಥ ಒಂದೇ ಒಂದು ವಿವರ ಸಿಕ್ಕರೂ ಸೀಲ್, ಗೀರು, ಧೂಳುಗಳ ಚರ್ಚೆಯೇ ಬೇಕಾಗುವುದಿಲ್ಲ.

ಇಷ್ಟೂ ಪರೀಕ್ಷೆಗಳ ಬಳಿಕ ಅದು ಬಳಸಿದ ಕ್ಯಾಮೆರಾ ಎಂದು ನಿಮಗೆ ಮನವರಿಕೆಯಾದರೆ, ಸವೆತದ ಬಗ್ಗೆ ವಾದಿಸಬೇಡಿ. ಎರಡು ಲಕ್ಷ ಸಲ ಬಾಳಿಕೆ ಬರುವಂತೆ ಪರೀಕ್ಷಿಸಿದ ಶಟರ್‌ನಲ್ಲಿ ನಾನೂರು ಎಂದರೆ ಶೇಕಡಾ 0.2 ಮಾತ್ರ; ಅಂಗಡಿಯವರು ಈ ಲೆಕ್ಕವನ್ನೇ ಮುಂದಿಟ್ಟು ನಿಮ್ಮ ಬಾಯಿ ಮುಚ್ಚಿಸುತ್ತಾರೆ. ನಿಮಗೆ ಆಗಿರುವ ಅನ್ಯಾಯ ಬೇರೆ ಕಡೆ ಇದೆ. ಆ ಕ್ಯಾಮೆರಾ ಎಲ್ಲಿಗೆ ಹೋಗಿ ಬಂತು, ಕೆಳಗೆ ಬಿದ್ದಿತ್ತೇ, ಮಳೆಯಲ್ಲಿ ನೆನೆದಿತ್ತೇ, ಯಾವ ದೋಷ ಕಂಡು ಅದನ್ನು ವಾಪಸು ಕೊಟ್ಟರು ಎಂಬುದು ನಿಮಗೆ ತಿಳಿಯದು. ವಾರಂಟಿ ಯಾವ ದಿನದಿಂದ ಶುರುವಾಗಿದೆ ಎಂಬುದೂ ಖಚಿತವಿಲ್ಲ. ಹೊಸದರ ಬೆಲೆಯನ್ನು ಪೂರ್ತಿ ಕೊಟ್ಟವರಿಗೆ ಇವೆಲ್ಲ ತಿಳಿಯಬೇಕಾದ ಸಂಗತಿಗಳು, ಇವನ್ನು ಮುಚ್ಚಿಟ್ಟು ಮಾರುವುದು ತಪ್ಪು.

ಆದ್ದರಿಂದ ಫೋನಿನಲ್ಲಿ ಜಗಳವಾಡುವ ಬದಲು, ವಾಪಸು ಕೊಡುವ ಅವಧಿ ಮುಗಿಯುವುದರೊಳಗೆ ಬರಹದಲ್ಲಿ ಕೇಳಿ. ಆರೋಪ ಮಾಡಬೇಡಿ, ಕಂಡದ್ದನ್ನು ಮಾತ್ರ ಹೇಳಿ: “ಹೊಸದೆಂದು ನಿಮ್ಮಲ್ಲಿ ಕೊಂಡ ಈ ಸೀರಿಯಲ್ ನಂಬರಿನ ಕ್ಯಾಮೆರಾವನ್ನು ಮೊದಲ ಸಲ ಆನ್ ಮಾಡಿದಾಗ ಭಾಷೆಯೂ ಸಮಯವೂ ಮೊದಲೇ ಹೊಂದಿಸಿದ್ದವು. ನಾನು ತೆಗೆದ ಮೊದಲ ಚಿತ್ರದಲ್ಲಿ ಶಟರ್ ಕೌಂಟ್ ಇಷ್ಟಿತ್ತು. ಚಿತ್ರದ ಮೂಲ ಕಡತವನ್ನೂ ಮೆನುವಿನ ಫೋಟೋಗಳನ್ನೂ ಇದರೊಂದಿಗೆ ಕಳುಹಿಸಿದ್ದೇನೆ. ಬಳಕೆಯಾಗದ ಬೇರೆ ಕ್ಯಾಮೆರಾ ಕೊಡಿ, ಇಲ್ಲವಾದರೆ ಹಣ ಹಿಂದಿರುಗಿಸಿ.” ಇಷ್ಟು ಸಾಕು. ಉತ್ತರವನ್ನೂ ಬರಹದಲ್ಲಿಯೇ ಪಡೆಯಿರಿ. ಬದಲಿ ಕ್ಯಾಮೆರಾ ಕೊಟ್ಟರೆ ಅದನ್ನು ಅಂಗಡಿಯಲ್ಲಿಯೇ ತೆರೆದು, ಅವರೆದುರಿಗೇ ಮೊದಲ ಸಲ ಆನ್ ಮಾಡಿ.

ಪ್ರಶ್ನೆ: ಹೊಸದಾಗಿ ಕೊಂಡ ಸಣ್ಣ ಕಾಂಪ್ಯಾಕ್ಟ್ ಕ್ಯಾಮೆರಾವನ್ನು ಕಾರ್ಡ್ ಹಾಕದೆಯೇ ಆನ್ ಮಾಡಿ ಪ್ಲೇ ಗುಂಡಿ ಒತ್ತಿದಾಗ, ಗುರುತಿಲ್ಲದ ಒಂದು ಮನೆಯೊಳಗಿನ ಚಿತ್ರಗಳು ಬಂದವು. ಅವುಗಳಲ್ಲಿ ಮಕ್ಕಳೂ ಇದ್ದಾರೆ. ಇದು ಹೇಗೆ ಸಾಧ್ಯ? ಅಳಿಸಿಬಿಡಲೇ?

ಉತ್ತರ: ಅನೇಕ ಕಾಂಪ್ಯಾಕ್ಟ್ ಕ್ಯಾಮೆರಾಗಳಲ್ಲಿ ಕಾರ್ಡ್ ಇಲ್ಲದಿದ್ದಾಗಲೂ ಕೆಲವು ಚಿತ್ರಗಳನ್ನು ಹಿಡಿದಿಡುವಷ್ಟು ಒಳ ಮೆಮೊರಿ ಇರುತ್ತದೆ. ಮೊದಲು ಕೊಂಡವರು ಕುತೂಹಲಕ್ಕೆ ಕಾರ್ಡ್ ಹಾಕದೆ ಒಂದಿಷ್ಟು ಚಿತ್ರ ತೆಗೆದಿದ್ದಾರೆ, ವಾಪಸು ಕೊಡುವಾಗ ಅವನ್ನು ಅಳಿಸಲು ಮರೆತಿದ್ದಾರೆ, ವಾಪಸು ಪಡೆದವರೂ ನೋಡಿಲ್ಲ. ನಿಮ್ಮ ಕ್ಯಾಮೆರಾ ಬೇರೆಯವರ ಕೈಯಲ್ಲಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ, ಹಿಂದಿನ ಉತ್ತರದಲ್ಲಿ ವಿವರಿಸಿದ ಯಾವ ಪರೀಕ್ಷೆಯನ್ನೂ ನೀವು ಮಾಡಬೇಕಾಗಿಲ್ಲ.

ಈಗಲೇ ಅಳಿಸಬೇಡಿ. ಅಂಗಡಿಗೆ ತೋರಿಸಲು ಒಂದು ಚಿತ್ರ ಸಾಕು: ಮಕ್ಕಳಾಗಲಿ ಬೇರೆ ಯಾರ ಮುಖವಾಗಲಿ ಇಲ್ಲದ ಒಂದನ್ನು ಆರಿಸಿ, ತೆರೆಯಲ್ಲಿ ದಿನಾಂಕವೂ ಚಿತ್ರದ ಸಂಖ್ಯೆಯೂ ಕಾಣುವಂತೆ ಮಾಡಿ, ಕ್ಯಾಮೆರಾದ ಸೀರಿಯಲ್ ನಂಬರ್ ಸಮೇತ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಚಿತ್ರದ ದಿನಾಂಕ ನಿಮ್ಮ ಬಿಲ್ಲಿನ ದಿನಾಂಕಕ್ಕಿಂತ ಹಿಂದಿನದಾಗಿದ್ದರೆ ಹೇಳಬೇಕಾದುದೆಲ್ಲ ಅದರಲ್ಲೇ ಇದೆ. ಆ ಕುಟುಂಬದ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಡಿ, “ಇವರು ಯಾರಿಗಾದರೂ ಗೊತ್ತೇ” ಎಂದು ಎಲ್ಲಿಯೂ ಹಂಚಿಕೊಳ್ಳಬೇಡಿ. ಅವರು ಮರೆತಿದ್ದಾರೆಯೇ ಹೊರತು ನಿಮಗೆ ಏನನ್ನೂ ಮಾಡಿಲ್ಲ. ಕ್ಯಾಮೆರಾವನ್ನು ಹಿಂದಿರುಗಿಸುವಾಗ ಒಳ ಮೆಮೊರಿಯನ್ನು ನಿಮ್ಮೆದುರಿಗೇ ಫಾರ್ಮ್ಯಾಟ್ ಮಾಡುವಂತೆ ಅಂಗಡಿಯವರನ್ನು ಒತ್ತಾಯಿಸಿ; ಅದೇ ಕ್ಯಾಮೆರಾ ಮೂರನೆಯವರ ಕೈಗೂ ಹೋಗಬಹುದು. ನೀವೂ ಯಾವತ್ತಾದರೂ ಕ್ಯಾಮೆರಾ ವಾಪಸು ಕೊಡುವುದಿದ್ದರೆ, ಕಾರ್ಡ್ ತೆಗೆದುಕೊಂಡ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ಒಳ ಮೆಮೊರಿ, ವೈ-ಫೈ ಪಾಸ್‌ವರ್ಡ್, ಜೋಡಿಸಿದ ಫೋನುಗಳ ಹೆಸರು, ಹಕ್ಕುಸ್ವಾಮ್ಯದ ಪುಟದಲ್ಲಿ ಬರೆದ ಹೆಸರು ಎಲ್ಲವನ್ನೂ ಅಳಿಸಬೇಕು.

ಪ್ರಶ್ನೆ: ತಯಾರಕರಲ್ಲಿ ವಾರಂಟಿಗೆ ನೋಂದಾಯಿಸಲು ಹೋದರೆ “ಈ ಸೀರಿಯಲ್ ನಂಬರ್ ಈಗಾಗಲೇ ನೋಂದಣಿಯಾಗಿದೆ” ಎಂದು ಬರುತ್ತಿದೆ. ಕ್ಯಾಮೆರಾದಲ್ಲಿ ಬೇರೆ ಯಾವ ಕುರುಹೂ ಇಲ್ಲ.

ಉತ್ತರ: ಮೊದಲು ನಂಬರನ್ನು ಸರಿಯಾಗಿ ಓದಿದ್ದೀರಾ ನೋಡಿ. ಕ್ಯಾಮೆರಾದ ತಳದಲ್ಲಿ ಅಥವಾ ಮಡಚುವ ತೆರೆಯ ಹಿಂಬದಿಯಲ್ಲಿ ಮುದ್ರಿಸಿರುವ ನಂಬರ್, ಪೆಟ್ಟಿಗೆಯ ಲೇಬಲ್, ವಾರಂಟಿ ಕಾರ್ಡ್, ಬಿಲ್ಲು ಈ ನಾಲ್ಕೂ ಕಡೆ ಒಂದೇ ಇರಬೇಕು. ಅನೇಕ ಕ್ಯಾಮೆರಾಗಳು ಅದನ್ನು ಪ್ರತಿ ಚಿತ್ರದ ಕಡತದೊಳಗೆ ಸೇರುವ ಎಕ್ಸಿಫ್ ಎಂಬ ಮಾಹಿತಿಯಲ್ಲಿಯೂ ಬರೆಯುತ್ತವೆ. ಪೆಟ್ಟಿಗೆಯದೊಂದು, ಕ್ಯಾಮೆರಾದ್ದೊಂದು ಆಗಿದ್ದರೆ ವಾಪಸು ಬಂದ ಎರಡು ಕ್ಯಾಮೆರಾಗಳು ಪೆಟ್ಟಿಗೆಗಳಲ್ಲಿ ಅದಲುಬದಲಾಗಿರುವ ಸಾಧ್ಯತೆ ಹೆಚ್ಚು, ಅಂತಹುದನ್ನು ಇಟ್ಟುಕೊಳ್ಳಬೇಡಿ.

ಎಲ್ಲವೂ ಒಂದೇ ಇದ್ದರೆ, ಮಾರಾಟದ ಹೊತ್ತಿನಲ್ಲಿ ಅಂಗಡಿಯವರೇ ನಿಮ್ಮ ಪರವಾಗಿ ನೋಂದಾಯಿಸಿರಬಹುದು; ಅದು ಸಹಜ. ತಿಳಿಯಬೇಕಾದ್ದು ದಿನಾಂಕ ಒಂದೇ. ತಯಾರಕರಿಗೆ ಬಿಲ್ಲಿನ ಪ್ರತಿಯೊಂದಿಗೆ ಬರೆದು, ಮೊದಲ ನೋಂದಣಿ ಯಾವ ದಿನ ಆಗಿದೆ, ವಾರಂಟಿ ಯಾವಾಗ ಕೊನೆಗೊಳ್ಳುತ್ತದೆ ಎಂದಷ್ಟೇ ಕೇಳಿ. ಯಾರ ಹೆಸರಿನಲ್ಲಿದೆ ಎಂಬುದನ್ನು ಅವರು ಹೇಳಲಿಕ್ಕಿಲ್ಲ, ನಿಮಗೆ ಅದು ಬೇಕಾಗಿಯೂ ಇಲ್ಲ. ನೋಂದಣಿ ನಿಮ್ಮ ಖರೀದಿಗಿಂತ ವಾರಗಳಷ್ಟು ಹಿಂದೆ ಆಗಿದ್ದರೆ, ಬೇರೆ ಕುರುಹು ಇರಲಿ ಇಲ್ಲದಿರಲಿ, ಆ ಪತ್ರವೇ ನಿಮ್ಮ ಆಧಾರ.

ಪ್ರಶ್ನೆ: ವಿಚಾರಿಸಿದ ಮೇಲೆ ಅಂಗಡಿಯವರು ಅದು ಪ್ರದರ್ಶನಕ್ಕೆ ಇಟ್ಟಿದ್ದ ಕ್ಯಾಮೆರಾ ಎಂದು ಒಪ್ಪಿಕೊಂಡು, ಸ್ವಲ್ಪ ರಿಯಾಯಿತಿ ಕೊಡುತ್ತೇವೆ, ಇಟ್ಟುಕೊಳ್ಳಿ ಎನ್ನುತ್ತಿದ್ದಾರೆ. ಒಪ್ಪಬಹುದೇ?

ಉತ್ತರ: ಅದರಿಂದ ದುಡಿದು ತಿನ್ನುವವರು ನೀವಾದರೆ ಒಪ್ಪಬೇಡಿ. ಪ್ರದರ್ಶನದ ಕ್ಯಾಮೆರಾವನ್ನು ದಿನವಿಡೀ ಆನ್ ಮಾಡಿಟ್ಟಿರುತ್ತಾರೆ, ಲೆನ್ಸನ್ನು ಪದೇ ಪದೇ ತೆಗೆದು ಹಾಕಿರುತ್ತಾರೆ, ಗುಂಡಿಗಳನ್ನು ಬಂದವರೆಲ್ಲ ಒತ್ತಿರುತ್ತಾರೆ. ಶಟರ್ ಕೌಂಟ್ ಇವುಗಳಲ್ಲಿ ಯಾವುದನ್ನೂ ತೋರಿಸುವುದಿಲ್ಲ. ಕಲಿಯಲು, ಮನೆಯ ಬಳಕೆಗೆ ಕೊಂಡಿದ್ದರೆ ಒಪ್ಪಬಹುದು, ಆದರೆ ಬಾಯಿಮಾತಿನ ಮೇಲಲ್ಲ. ಹಳೆಯ ಬಿಲ್ಲನ್ನು ರದ್ದು ಮಾಡಿಸಿ, ಪ್ರದರ್ಶನದ ಕ್ಯಾಮೆರಾ ಎಂಬುದನ್ನೂ ಸೀರಿಯಲ್ ನಂಬರನ್ನೂ ವಾರಂಟಿ ನಿಮ್ಮ ಖರೀದಿಯ ದಿನದಿಂದ ಪೂರ್ತಿ ಅವಧಿಗೆ ಇದೆಯೆಂಬುದನ್ನೂ ಹೊಸ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಆ ವಾರಂಟಿಯನ್ನು ತಯಾರಕರು ಒಪ್ಪುತ್ತಾರೆಯೇ ಎಂದು ನೇರವಾಗಿ ಅವರಲ್ಲೇ ಖಚಿತಪಡಿಸಿಕೊಳ್ಳಿ. ಬ್ಯಾಟರಿ ಮಾತ್ರ ಹೊಸದನ್ನೇ ಕೇಳಿ ಪಡೆಯಿರಿ, ಏಕೆಂದರೆ ನಿರಂತರವಾಗಿ ಚಾರ್ಜಿನಲ್ಲಿದ್ದ ಲಿಥಿಯಂ ಬ್ಯಾಟರಿ ಬೇಗ ಸೊರಗುತ್ತದೆ. ಇವುಗಳಲ್ಲಿ ಯಾವುದಕ್ಕಾದರೂ ಅಂಗಡಿಯವರು ಹಿಂದೇಟು ಹಾಕಿದರೆ ರಿಯಾಯಿತಿಯ ಮಾತನ್ನು ಅಲ್ಲಿಗೇ ಬಿಟ್ಟು ಹಣ ವಾಪಸು ಕೇಳಿ.